ಮರಾಠಿ ಬಲ್ಲ ಮೋತ್ಯಾ

ನಾನು ಸಣ್ಣವಳಿದ್ದಾಗ ನಮ್ಮೂರಲ್ಲಿ ನಾಯಿಯನ್ನು ಯಾರೂ ಸಾಕುತ್ತಿರಲಿಲ್ಲ. ನಾಯಿಗಳು ಇರುತ್ತಿದ್ದವು, ಅಷ್ಟೆ. ಬೆಳಿಗ್ಗೆ ಒಬ್ಬರ ಕಟ್ಟೆ, ಮಧ್ಯಾಹ್ನ ಇನ್ನೊಬ್ಬರ ದನದ ಕೊಟ್ಟಿಗೆ, ಸಂಜೆ ಯಾರ ಮನೆಯ ರೊಟ್ಟಿ ಹೊತ್ತಿತ್ತೋ ಅವರ ಬಾಗಿಲು. ನಾಯಿಗೆ ಕಲಿಸುವುದು ಎಂಬ ಮಾತೇ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಮಗೆ ಕಲಿಸುವಷ್ಟರಲ್ಲೇ ಮಾಸ್ತರರು ಸುಸ್ತಾಗುತ್ತಿದ್ದರು.

ನಮ್ಮೂರು ಜುಗೂಳ. ಮನೆಯ ಹಿಂದಿನ ಹಾದಿ ಇಳಿದರೆ ಕೃಷ್ಣಾ ಹೊಳೆ, ಹೊಳೆ ದಾಟಿದರೆ ಮಹಾರಾಷ್ಟ್ರ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಆಚೆ ದಂಡೆಯ ಊರಿನವಳು. ದೋಣಿಯಲ್ಲಿ ಕೂತು ಈ ದಂಡೆಗೆ ಸೊಸೆಯಾಗಿ ಬಂದವಳು. ಬಂದ ಹೊಸತರಲ್ಲೇ ಅವಳ ಅತ್ತೆ, "ಈ ಮನ್ಯಾಗ ಕನ್ನಡ ಆಡಬೇಕ ನೋಡವಾ" ಅಂದಿದ್ದಳಂತೆ. ಆಯಿ ಆಡತೊಡಗಿದಳು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಆಡುತ್ತಲೇ ಇದ್ದಳು. ಊರವರೆಲ್ಲ ಸಂತೆಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ ಧಾರಾಳವಾಗಿ ಮರಾಠಿ ಆಡಿ ಬರುತ್ತಿದ್ದರು. ಆ ಮಾತಿನಲ್ಲೇ ಹುಟ್ಟಿ ಬೆಳೆದ ಆಯಿಯ ಬಾಯಿಂದ ಮಾತ್ರ ನಾನು ಒಂದು ಮರಾಠಿ ಶಬ್ದವನ್ನೂ ಕೇಳಿರಲಿಲ್ಲ.

ನನ್ನ ಐದನೆಯ ಇಯತ್ತೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಆಯಿಯ ತವರಿನಿಂದ ಒಂದು ನಾಯಿ ಬಂತು. ಅವಳ ಅಣ್ಣನ ಮನೆಗೆ ಹೊಸ ಸೊಸೆ ಬಂದಿದ್ದಳು. ನಾಯಿ ಕಂಡು ಹೆದರಿ ಕಾಳಿನ ಕಣಜದ ಮೇಲೆ ಹತ್ತಿ ಕೂತವಳು, ಅದನ್ನು ಊರು ಬಿಡಿಸುವ ತನಕ ಇಳಿಯುವುದಿಲ್ಲ ಎಂದಳಂತೆ. ದೋಣಿಯವನು ಒಂದು ಬುಟ್ಟಿ ಮಾವಿನಹಣ್ಣಿನ ಜೊತೆ ನಾಯಿಯನ್ನೂ ತಂದ. ಬೆಲ್ಲದ ಬಣ್ಣ, ಕುಡಗೋಲಿನಂಥ ಬಾಲ, ಒಂದು ಕಿವಿ ನಿಂತಿತ್ತು, ಇನ್ನೊಂದು ಮಡಚಿಕೊಂಡಿತ್ತು. ಹೆಸರು ಮೋತ್ಯಾ. ದಂಡೆ ಇನ್ನೂ ದೂರವಿರುವಾಗಲೇ ಅದು ನೀರಿಗೆ ಹಾರಿ, ಈಜಿ, ಮೇಲೆ ಹತ್ತಿ ಬಂದು ಅಪ್ಪನ ಪಕ್ಕದಲ್ಲಿ ನಿಂತು ಮೈ ಝಾಡಿಸಿತು. ಅಪ್ಪ ಅವತ್ತು ಚಿಕ್ಕೋಡಿ ಕೋರ್ಟಿಗೆ ಹೊರಟವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ. ಮೋತ್ಯಾನ ಬಗ್ಗೆ ಅಪ್ಪನ ಅಭಿಪ್ರಾಯ ಆಗಲೇ ಗಟ್ಟಿಯಾಯಿತು.

ಒಂದು ವಾರದಲ್ಲಿ ಮೋತ್ಯಾ ಅವ್ವನ ಹಪ್ಪಳ ತುಳಿದ, ಎಮ್ಮೆಯ ಬಾಲ ಕಚ್ಚಿ ಜೋತಾಡಿದ, ಅಪ್ಪನ ಒಂದು ಚಪ್ಪಲಿಯನ್ನು ಎಲ್ಲಿಟ್ಟನೋ ಇವತ್ತಿಗೂ ಗೊತ್ತಿಲ್ಲ. ಇಷ್ಟಾದರೂ ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಆದರೆ ಬಗಲ ಮನೆಯ ದುಂಡವ್ವ ಒಂದು ದಿನ ಸೆರಗಿನ ತುಂಬ ಪುಕ್ಕ ತುಂಬಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಸುರುವಿದಳು.

"ಎರಡ ಕೋಳಿ ಹೋದ್ವು. ಇವ ಪುಕ್ಕ ನಿಮ್ಮ ನಾಯಿ ಬಾಯಾಗಿಂದ ತಗದದ್ದ. ಇನ್ನ ಏನ ಹೇಳ್ತೀರಿ ಹೇಳ್ರಿ!"

ಮೋತ್ಯಾನ ಮೂಗಿನ ಮೇಲೆ ಇನ್ನೊಂದು ಸಣ್ಣ ಪುಕ್ಕ ಅಂಟಿಕೊಂಡೇ ಇತ್ತು. ಅವನು ದುಂಡವ್ವನನ್ನು ನೋಡಿ ಪ್ರೀತಿಯಿಂದ ಬಾಲ ಅಲ್ಲಾಡಿಸುತ್ತಿದ್ದ.

ಅಪ್ಪ ಮೃಗಶಿರಾ ಮಳೆಯ ಗಡುವು ಹಾಕಿ ಫೈಸಲಾ ಕೊಟ್ಟ. "ಮಿರಗದ ಮಳಿ ಬೀಳೂತನಾ ನೋಡ್ತೀನಿ. ಅಷ್ಟರಾಗ ಕೋಳಿ ಮುಟ್ಟೂದ ಬಿಟ್ರ ಇರ್ತೈತಿ. ಇಲ್ಲಾಂದ್ರ ಅಥಣಿಗೆ ಅಕ್ಕನ ದ್ರಾಕ್ಷಿ ತ್ವಾಟಕ್ಕ ಕಳಸ್ತೀನಿ. ಅಲ್ಲೆ ಸರಪಳಿ ಹಾಕಿ ಕಟ್ಟತಾರ."

ಸರಪಳಿ ಎಂಬ ಮಾತಿಗೆ ನನಗೆ ಅಳು ಬಂತು. ಆಯಿ ಜೋಳ ಹಸನು ಮಾಡುವುದನ್ನು ನಿಲ್ಲಿಸಿ, ಮೊರವನ್ನು ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ಕೂತದ್ದನ್ನು ನಾನು ನೋಡಿದೆ. ತವರಿನಿಂದ ಅವಳಿಗೆ ವರ್ಷವರ್ಷ ಸೀರೆ ಬರುತ್ತಿತ್ತು, ಹಣ್ಣು ಬರುತ್ತಿತ್ತು. ಜೀವ ಇದ್ದದ್ದು ಬಂದಿದ್ದು ಇದೊಂದೇ.

ನಮ್ಮ ಓಣಿಯ ಕೊನೆಯಲ್ಲಿ ಫೌಜಿ ಕಾಕಾ ಇದ್ದ. ಸೈನ್ಯದಿಂದ ನಿವೃತ್ತಿಯಾಗಿ ಬಂದವನು, ದೊಡ್ಡ ಮೀಸೆ, ಕುತ್ತಿಗೆಯಲ್ಲಿ ಯಾವಾಗಲೂ ಒಂದು ಸೀಟಿ. ನಾನು ಹೋಗಿ ಗೋಳು ತೋಡಿಕೊಂಡೆ. ಕಾಕಾ ಮೀಸೆ ತಿರುವಿದ.

"ಅಷ್ಟಕ್ಕ ಅಳ್ತಿಯೇನ, ಸುರೇಖಾ? ಫೌಜಿನ್ಯಾಗ ನಾಯಿಗೋಳು ಸಲ್ಯೂಟ್ ಹೊಡೀತಾವ. ನಾ ಎಷ್ಟ ನಾಯಿ ತಯಾರ ಮಾಡೇನಿ ಗೊತ್ತೈತೇನ ನಿನಗ? ಎಂಟ ದಿನ ಕೊಡು."

ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ತರಬೇತಿ ಶುರುವಾಯಿತು. ಕಾಕಾ ಇಸ್ತ್ರಿ ಮಾಡಿದ ಖಾಕಿ ಚಡ್ಡಿ ಹಾಕಿ, ಕರಿ ಬೂಟು ತೊಟ್ಟು ಬಂದಿದ್ದ. ಸೀಟಿ ಊದಿ, ಎದೆ ಉಬ್ಬಿಸಿ, "ಸಿಟ್!" ಎಂದು ಕೂಗಿದ. ಹೆದರಿ ನಾನು ಕೂತೆ. ಮೋತ್ಯಾ ಕೂಡಲಿಲ್ಲ. "ಸ್ಟಾಪ್!" ಎಂದ. ಮೋತ್ಯಾ ಓಡಿದ. "ಕಮ್!" ಎಂದ. ಮೋತ್ಯಾ ಬೂಟಿನ ಲಾಡಿ ಬಿಚ್ಚಿದ. ನಾನು ಕನ್ನಡದಲ್ಲಿ "ಕುಂದ್ರೋ, ಕುಂದ್ರೋ" ಎಂದು ಅಂಗಲಾಚಿದೆ. ಅದೂ ಆಗಲಿಲ್ಲ. ನಾಲ್ಕು ದಿನ ಹೀಗೇ ಹೋಯಿತು. ಶಾಲೆಗೆ ಸೂಟಿಯಿದ್ದ ಮಕ್ಕಳೆಲ್ಲ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಸೀಟಿಯ ಸದ್ದಿಗೆ ಕಾಕಾನ ಅಪ್ಪಣೆ ಪಾಲಿಸಿದ್ದು ನಾನು ಮತ್ತು ಆ ಮಕ್ಕಳು ಮಾತ್ರ.

ಐದನೆಯ ದಿನ ಕಾಕಾ ಹಣೆ ಒರೆಸಿಕೊಂಡು ಹೇಳಿದ: "ಈ ನಾಯಿಗೆ ಕಿವಿ ಕೇಳೂದಿಲ್ಲ."

ಪರೀಕ್ಷೆಗೆಂದು ಅವನು ಮೋತ್ಯಾನ ಬೆನ್ನ ಹಿಂದೆ ನಿಂತು ಹಿತ್ತಾಳೆ ಪರಾತಕ್ಕೆ ಸವುಟಿನಿಂದ ಬಾರಿಸಿದ. ಮೋತ್ಯಾ ಹಾರಿ ಬಿದ್ದು ಅಂಗಳದ ತುಂಬ ಗಿರಗಿರನೆ ಸುತ್ತತೊಡಗಿದ. ನೀರಿನ ಕೊಡ ಉರುಳಿತು, ಒಣಹಾಕಿದ ಮೆಣಸಿನಕಾಯಿ ಹಾರಿತು, ಎಲ್ಲರೂ ಸೀನತೊಡಗಿದರು. ಆ ಗದ್ದಲದಲ್ಲಿ ಕಟ್ಟೆಯ ಮೇಲಿದ್ದ ಆಯಿಯ ತಾಳ್ಮೆ ತಪ್ಪಿತು. ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು:

"ಬಸ್ ರೇ ಬಾಬಾ! ಕಿತಿ ನಾಚತೋಸ್!"

ಕೂಡೋ ಮಾರಾಯ, ಎಷ್ಟು ಕುಣಿತೀ ಎಂದು ಅದರ ಅರ್ಥ. ಮೋತ್ಯಾ ಅಲ್ಲೇ, ಮೆಣಸಿನಕಾಯಿಯ ನಡುವೆ, ಬಾಲ ಸುತ್ತಿಕೊಂಡು ಕೂತುಬಿಟ್ಟ.

ಆಯಿ ಬಾಯಿಗೆ ಸೆರಗು ಹಿಡಿದುಕೊಂಡಳು, ಏನೋ ತಪ್ಪು ಮಾಡಿದವಳ ಹಾಗೆ. ನಾವೆಲ್ಲ ಮರಾಠಿ ಬಲ್ಲವರೇ. ನಾಯಿಗೂ ಮರಾಠಿ ಬರುತ್ತದೆ, ಬರೀ ಮರಾಠಿಯೇ ಬರುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆವತ್ತಿನಿಂದ ಗುರು ಬದಲಾದಳು. ಆಯಿ ಕಟ್ಟೆಯಿಂದ ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿಯೂ ಇಲ್ಲದೆ, ಕೂಗಾಟವೂ ಇಲ್ಲದೆ ಕಲಿಸತೊಡಗಿದಳು. ಕೈಯಲ್ಲಿ ತುಪ್ಪ ಹಚ್ಚಿದ ರೊಟ್ಟಿಯ ಚೂರು. ಬಸ್ ಅಂದರೆ ಕೂಡು, ಯೇ ಅಂದರೆ ಬಾ, ಧರ್ ಅಂದರೆ ಹಿಡಿ, ಸೋಡ್ ಅಂದರೆ ಬಿಡು, ಥಾಂಬ್ ಅಂದರೆ ತಡಿ. ಒಂದು ಶಬ್ದ, ಒಂದು ಚೂರು. ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು, ಮೆತ್ತಗಾಗುತ್ತಿತ್ತು. "ಸುರಿ, ಒದರಬ್ಯಾಡ. ಒದರಿದ್ರ ಅದಕ್ಕ ನಿನ್ನ ಸಿಟ್ಟಷ್ಟ ಕೇಳ್ತೈತಿ, ಮಾತ ಕೇಳೂದಿಲ್ಲ" ಎಂದು ನನಗೂ ಪಾಠ ಮಾಡುತ್ತಿದ್ದಳು; ಅವಳ ಬಾಯಲ್ಲಿ ಸುರೇಖಾ ಸುರಿಯಾಗಿದ್ದಳು. ಪಾಠ ಮುಗಿದ ಮೇಲೆ ಅವನನ್ನು ತೊಡೆಗೆ ಒರಗಿಸಿಕೊಂಡು, ಅವನ ಮಡಚಿದ ಕಿವಿ ಸವರುತ್ತ ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದಳು. ತನ್ನೂರ ಬಾವಿ, ಸತ್ತುಹೋದ ಗೆಳತಿ, ಅಣ್ಣ ಮರದಿಂದ ಬಿದ್ದದ್ದು. ನಾನು ಹತ್ತಿರ ಹೋದರೆ ಕನ್ನಡಕ್ಕೆ ಬರುತ್ತಿದ್ದಳು. ಅದಕ್ಕೇ ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಮೂಲ ಪಾಠಗಳು ಮುಗಿದ ಮೇಲೆ ಕೋಳಿಯ ಪಾಠ ಬಂತು. ಅದಕ್ಕೆ ಕೋಳಿ ಬೇಕು. ದುಂಡವ್ವನನ್ನು ಕೇಳಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಫೌಜಿ ಕಾಕಾನೇ ಕೋಳಿಯಾದ. ತಲೆಗೆ ಕೆಂಪು ಟವೆಲ್ಲು ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಎರಡೂ ತೋಳು ಬಡಿಯುತ್ತ "ಕೊಕ್ಕೊಕ್ಕೋ" ಎಂದು ಅಂಗಳ ಸುತ್ತಿದ. ಆಯಿ "ಥಾಂಬ್" ಎಂದಳು. ಮೋತ್ಯಾ ತಡೆದುಕೊಂಡ. ತಡೆಯಲಾಗದೆ ಇದ್ದದ್ದು ಕಾಕಾನ ಹೆಂಡತಿಗೆ. ನೀರಿಗೆ ಹೊರಟವಳು ನಮ್ಮ ಬಾಗಿಲಲ್ಲಿ ಕೊಡ ಇಳಿಸಿ ನಿಂತಳು.

"ಫೌಜಿನ್ಯಾಗ ಇದನ್ನ ಮಾಡ್ತಿದ್ರೇನ್ರಿ ನೀವು? ನಾಯಿ ತಯಾರ ಮಾಡ್ತಿದ್ನಿ ಅಂತ ಊರಿಗೆಲ್ಲ ಹೇಳಕೋತ ಅಡ್ಡಾಡ್ತಾರ! ಇಪ್ಪತ್ತ ವರ್ಷ ಚಪಾತಿ ಬಡದು ಬಂದಾರ!"

ಕಾಕಾ ಕುಕ್ಕರುಗಾಲಿನಲ್ಲೇ ಕೂತಿದ್ದ. ಟವೆಲ್ಲು ಬಿಚ್ಚಿ ಸಣ್ಣ ದನಿಯಲ್ಲಿ ಹೇಳಿದ: "ನಾಯಿಗೋಳ ಸಾಲಿ ನಮ್ಮ ಅಡಿಗಿ ಮನಿ ಬಾಜೂಕ ಇತ್ತು. ಅವಕ್ಕೂ ಚಪಾತಿ ನಾನ ಮಾಡ್ತಿದ್ನಿ."

ನಾವು ನಗಲಿಲ್ಲ. ಆಯಿ ನಮ್ಮನ್ನು ನಗಗೊಡಲಿಲ್ಲ. "ಉಣಿಸಿದ ಕೈನ ಕಲಸ್ತೈತಿ. ನೀವ ಇದ್ರ ಛಲೋ ಆತು, ನಾಳಿಗೂ ಬರ್ರಿ" ಅಂದಳು. ಕಾಕಾ ಮರುದಿನವೂ ಬಂದ, ಸೀಟಿ ಇಲ್ಲದೆ.

ಮೋತ್ಯಾ ಇಷ್ಟು ಜಾಣನಾದ ಮೇಲೆ ನನಗೆ ದೊಡ್ಡ ಆಸೆ ಹುಟ್ಟಿತು. ಅಪ್ಪನಿಗೆ ದಿನಾ ಕಬ್ಬಿನ ಹೊಲಕ್ಕೆ ಬುತ್ತಿ ಒಯ್ಯುವವಳು ನಾನು. ಬುತ್ತಿಯನ್ನು ಮೋತ್ಯಾನೇ ಒಯ್ದರೆ ಅಪ್ಪನ ಮನಸ್ಸು ಕರಗದೇ ಇರುತ್ತದೆಯೇ? ಒಂದು ವಾರ ಅಂಗಳದಲ್ಲೇ ಅಭ್ಯಾಸ ಮಾಡಿಸಿದೆವು. ಧರ್ ಅಂದರೆ ಬುತ್ತಿಯ ಗಂಟು ಬಾಯಲ್ಲಿ ಹಿಡಿಯುತ್ತಿದ್ದ, ಸೋಡ್ ಅಂದರೆ ಕಾಲ ಬಳಿ ಇಡುತ್ತಿದ್ದ. ಕೊನೆಗೆ ಒಂದು ಮಧ್ಯಾಹ್ನ ಅವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮೋತ್ಯಾ ಮುಂದೆ, ನಾನು ಮತ್ತು ಕಾಕಾ ಹಿಂದೆ.

ಹೊಲಕ್ಕೆ ಹೋಗುವ ಹಾದಿ ಬಸ್ ನಿಲ್ಲುವ ಬೇವಿನ ಮರದ ಮುಂದೆಯೇ ಹಾಯುತ್ತದೆ. ಮರದ ಕೆಳಗೆ ಹತ್ತಾರು ಜನ ಕಾಗವಾಡದ ಬಸ್ಸಿಗೆ ಕಾಯುತ್ತಿದ್ದರು. ಮೋತ್ಯಾ ರಸ್ತೆಯ ನಟ್ಟನಡುವೆ ಇದ್ದಾಗ ಯಾರೋ ಕೂಗಿದರು, "ಬಸ್ ಬಂತು!"

ಮೋತ್ಯಾ ಕೂತ.

ಬಸ್ಸು ಹಾರ್ನ್ ಬಾರಿಸುತ್ತ ಬಂದು ಅವನ ಮುಂದೆ ನಿಂತಿತು. "ಏ, ಬಸ್ ಬಂತಲೇ, ಬಸ್! ಬಸ್!" ಎಂದು ಜನ ಕೂಗಿದಷ್ಟೂ ಅವನು ಮತ್ತಷ್ಟು ನೆಟ್ಟಗೆ ಕೂತ, ಬುತ್ತಿ ಬಾಯಲ್ಲಿ, ಕಣ್ಣು ನನ್ನ ಕಡೆ. ಡ್ರೈವರ ಕಿಟಕಿಯಿಂದ ತಲೆ ಹಾಕಿ, "ಬುತ್ತಿ ಕಟಗೊಂಡ ನಿಂತಾನಲ್ರೀ ಪಾವಣ್ಯಾ! ಹತ್ತಸ್ರಿ ಹಂಗಾರ!" ಅಂದ, ಊರಿಗೆ ಹೊರಟ ನೆಂಟನನ್ನು ಕಂಡವನ ಹಾಗೆ. ನಾನು ಅಳುಕುತ್ತ "ಯೇ" ಎಂದೆ. ಮೋತ್ಯಾ ಎದ್ದು ಬಂದ. ಬಸ್ಸಿನೊಳಗಿದ್ದವರು ಚಪ್ಪಾಳೆ ತಟ್ಟಿದರು. ಕಾಕಾ ಚಪ್ಪಾಳೆ ತನಗೇ ಎಂಬಂತೆ ಕೈ ಎತ್ತಿದ.

ಅಷ್ಟರಲ್ಲಿ ಬಸ್ಸಿನಿಂದ ಇಳಿದವನೊಬ್ಬ ಗೂಡಂಗಡಿಯ ಮುಂದೆ ನಿಂತು, "ಅಣ್ಣಾ, ಒಂದ ಸೋಡಾ" ಅಂದ. ಮೋತ್ಯಾ ಬುತ್ತಿ ಬಿಟ್ಟ. ಗಂಟು ಬಿಚ್ಚಿ ರೊಟ್ಟಿ ಉರುಳಿತು. ಬೇವಿನ ಮರಕ್ಕೆ ಕಟ್ಟಿದ್ದ ಎರಡು ಆಡು ಯಾರ ಮಾತಿಗೂ ಕಾಯುವಂಥವಲ್ಲ. ಅಪ್ಪ ಆವತ್ತು ಕಬ್ಬು ಸಿಗಿದು ತಿಂದು ಹೊಟ್ಟೆ ತುಂಬಿಸಿಕೊಂಡ. ಸಂಜೆ ಬಂದು ಆಕಾಶ ನೋಡಿದ. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. "ಇನ್ನ ಎಂಟ್ಹತ್ತ ದಿನ ನೋಡ" ಎಂದಷ್ಟೇ ಅಂದ.

ನಾನು ಊಟ ಬಿಟ್ಟು ಅತ್ತೆ. ಆಯಿ ತಲೆ ಸವರಿದಳು. "ಓಣ್ಯಾಗ ಸುರಿ ಅಂತ ಒದರಿದ್ರ ನೀ ಬರ್ತಿ, ಮಂಗ್ಲಿ ಅಂದ್ರ ಬರ್ತಿಯೇನ? ಅದಕ್ಕೂ ಹಂಗ ಮಾಡೂಣು. ಮೊದಲ ಹೆಸರ, ಆಮ್ಯಾಲೆ ಮಾತ. ಹೆಸರ ಇಲ್ದ ಬಂದ ಮಾತ ಅದರದಲ್ಲ ಅಂತ ಕಲಸೂಣು."

ಹೊಸ ಪಾಠ ಬಲು ಕಷ್ಟದ್ದು. "ಬಸ್" ಎಂದಾಗ ಕೂತರೆ ರೊಟ್ಟಿ ಇಲ್ಲ. "ಮೋತ್ಯಾ, ಬಸ್" ಎಂದಾಗ ಕೂತರೆ ಉಂಟು. ಮೊದಲ ಎರಡು ದಿನ ಅವನು ಅನ್ಯಾಯವಾದವನ ಹಾಗೆ ನಮ್ಮ ಮುಖ ನೋಡುತ್ತಿದ್ದ. ಕಾಕಾ ಬೇವಿನ ಮರದ ಕೆಳಗೆ ಒಯ್ದು ಕೂರಿಸಿಕೊಂಡು, ಬರುವ ಬಸ್ಸು, ಹೋಗುವ ಬಸ್ಸು, ಒಡೆಯುವ ಸೋಡಾ ಎಲ್ಲವನ್ನೂ ಕೇಳಿಸಿದ. ಒಂದು ವಾರದಲ್ಲಿ ಇಡೀ ನಿಲ್ದಾಣ ಬಸ್ಸು ಬಸ್ಸೆಂದು ಕೂಗಿದರೂ ಮೋತ್ಯಾ ಆಕಳಿಸುತ್ತ ಬಿದ್ದಿರುತ್ತಿದ್ದ.

ಮಳೆಯ ವಾಸನೆ ಗಾಳಿಯಲ್ಲಿ ಬಂದ ಒಂದು ಮುಂಜಾನೆ ಪರೀಕ್ಷೆ ನಡೆಯಿತು. ಅಪ್ಪ ಕಟ್ಟೆಯ ಮೇಲೆ ಕೂತ. ದುಂಡವ್ವ ತನ್ನ ಕೋಳಿ, ಮರಿ, ಒಂದು ಭಾರೀ ಕೆಂಪು ಹುಂಜ ಎಲ್ಲವನ್ನೂ ನಮ್ಮ ಅಂಗಳಕ್ಕೆ ಹೊಡೆದುಕೊಂಡು ಬಂದಳು. ಕೈಯಲ್ಲಿ ಕೋಲು. ಅದು ಕೋಳಿಗೋ ನಾಯಿಗೋ ನಮಗೋ ತಿಳಿಯಲಿಲ್ಲ. ಓಣಿಯೇ ನೆರೆದಿತ್ತು.

ಆಯಿ, "ಮೋತ್ಯಾ, ಬಸ್. ಮೋತ್ಯಾ, ಥಾಂಬ್" ಎಂದಳು. ಮೋತ್ಯಾ ಕೂತ. ದುಂಡವ್ವ ಅವನ ಸುತ್ತಲೇ ಜೋಳ ಚೆಲ್ಲಿದಳು. ಕೋಳಿಗಳು ಮುತ್ತಿದವು. ಒಂದು ಮರಿ ಅವನ ಮುಂಗಾಲಿನ ಮೇಲೆ ಹತ್ತಿ ನಿಂತಿತು. ಅವನ ಮೂಗು ನಡುಗುತ್ತಿತ್ತು, ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು, ಆದರೆ ಕೂತಲ್ಲಿಂದ ಕದಲಲಿಲ್ಲ. ಜೋಳ ಖಾಲಿಯಾಯಿತು. ಜನ "ಶಾಬಾಸ್" ಅಂದರು. ಆಯಿ ತನ್ನ ಕೆಲಸ ಮುಗಿಯಿತೆಂದು ಕಟ್ಟೆಯ ಕಂಬಕ್ಕೆ ಒರಗಿ ಹಲ್ಲಿಗೆ ಮಿಶ್ರಿ ಹಚ್ಚತೊಡಗಿದಳು. ನಿಪ್ಪಾಣಿಯ ತಂಬಾಕು ಹುರಿದು ಮಾಡಿದ ಆ ಕರಿ ಪುಡಿ ಬಾಯಲ್ಲಿದ್ದಾಗ ಅವಳು ತುಟಿ ತೆರೆಯುವಂತಿರಲಿಲ್ಲ.

ಅಪ್ಪನಿಗೂ ಖುಷಿಯಾಗಿತ್ತು. ಅದನ್ನು ನೇರ ಹೇಳುವ ಮನುಷ್ಯನಲ್ಲ. "ಭಲೇ, ಮೋತ್ಯಾ!" ಅಂದ. ಆಮೇಲೆ ದುಂಡವ್ವನನ್ನೂ ಸ್ವಲ್ಪ ಖುಷಿಪಡಿಸೋಣವೆಂದು ಅವಳ ಹುಂಜದ ಕಡೆ ಕೈ ತೋರಿಸಿದ. "ದರಾ ಹೆಂಗೈತಿ ದುಂಡವ್ವಾ ಸದಲಗಾ ಸಂತ್ಯಾಗ, ಇಂಥಾ ಹುಂಜಕ್ಕ?"

ಮೊದಲು ಹೆಸರು, ಆಮೇಲೆ ಮಾತು. ಮೇಲೆ ಕೈ ಬೇರೆ ತೋರಿಸಿದ್ದ. ಧರ್ ಎಂದು ಕೇಳಿದ ಮೋತ್ಯಾ ಒಂದೇ ನೆಗೆತಕ್ಕೆ ಹುಂಜವನ್ನು ಹಿಡಿದ.

ದುಂಡವ್ವ ಚೀರಿದಳು. ಅಪ್ಪ ಎದ್ದು ನಿಂತ. ಆಯಿ ಬಾಯಿ ಮುಚ್ಚಿಕೊಂಡೇ "ಉಂ! ಉಂ!" ಎನ್ನುತ್ತ ಉಗುಳಲು ಮೋರಿಯ ಕಡೆ ಓಡಿದಳು. ನಾನು ಮೊದಲು "ಬಿಡು, ಬಿಡು!" ಎಂದೆ. ಆಮೇಲೆ "ಸೋಡ್! ಸೋಡ್!" ಎಂದು ಗಂಟಲು ಹರಿಯುವಂತೆ ಒದರಿದೆ. ಮೋತ್ಯಾ ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಸರಿಲ್ಲದ ಮಾತು ಅವನದಲ್ಲ ಎಂದು ಒಂದು ವಾರ ಕೂತು ಕಲಿಸಿದವರು ನಾವೇ. ದುಂಡವ್ವ ಕೋಲು ಎತ್ತಿದ್ದು ಕಂಡಿತು. ನಾನು ಅವನ ಎದುರು ಮೊಣಕಾಲೂರಿ ಕೂತು, ಆಯಿ ಹೇಳುವ ಹಾಗೆಯೇ ಸಣ್ಣ ದನಿಯಲ್ಲಿ ಅಂದೆ: "ಮೋತ್ಯಾ, ಸೋಡ್."

ಅವನು ಬಾಯಿ ತೆರೆದ.

ಹುಂಜ ನೆಲಕ್ಕಿಳಿದು ನಿಂತಿತು. ರೆಕ್ಕೆ ಕೊಡವಿತು. ಒಂದು ಪುಕ್ಕವೂ ಉದುರಿರಲಿಲ್ಲ. ಬುತ್ತಿಯ ಗಂಟು ಹಿಡಿದು ರೂಢಿಯಾದ ಬಾಯಿ ಅದು, ಹಲ್ಲು ನಾಟಿಸಿರಲಿಲ್ಲ. ಹುಂಜ ಎರಡು ಹೆಜ್ಜೆ ಹೋಗಿ, ಏನೋ ನೆನಪಾದಂತೆ ತಿರುಗಿ ಬಂದು ಮೋತ್ಯಾನ ಮೂಗಿಗೆ ಒಂದು ಕುಕ್ಕಿತು. ಮೋತ್ಯಾ ಕುಂಯ್ ಎಂದು ನನ್ನ ಬೆನ್ನ ಹಿಂದೆ ಅಡಗಿಕೊಂಡ.

ದುಂಡವ್ವ ಹುಂಜವನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿ ಕೋಲು ಕೆಳಗಿಟ್ಟಳು.

"ಕೋಳಿ ಹಿಡಿಯೋ ನಾಯಿ ಬೇಕಾದಷ್ಟ ನೋಡೇನಿ. ಬಾಯಾಗ ಬಂದ ಕೋಳಿ ಬಿಟ್ಟ ನಾಯಿ ಇವತ್ತ ನೋಡಿದ್ನಿ. ಗಂಡಸರಾಗೂ ಇಷ್ಟ ನೇಮ ಇಲ್ಲ, ನಮ್ಮವ್ವಾ!" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅಥಣಿಗೆ ಕಳಸೂದಿದ್ರ ನಿಮ್ಮ ಬಾಯಿ ಕಳಸ್ರಿ. ತಪ್ಪ ಅದರದಲ್ಲ" ಅಂದಳು.

ಇಡೀ ಓಣಿ ನಕ್ಕಿತು. ಅಪ್ಪ ನಗು ತಡೆಯಲು ಮೀಸೆ ಕಚ್ಚಿಕೊಂಡ, ತಡೆಯಲಾಗಲಿಲ್ಲ. ಬಾಯಿ ತೊಳೆದುಕೊಂಡು ಬಂದ ಆಯಿ ಮೋತ್ಯಾನನ್ನು ತಬ್ಬಿಕೊಂಡು ಎಲ್ಲರೆದುರೇ, ಮೊದಲ ಸಲ ಎಲ್ಲರೆದುರೇ, ಮರಾಠಿಯಲ್ಲಿ ಮುದ್ದು ಮಾಡಿದಳು. "ಮಾಝ್ಯಾ ಸೋನ್ಯಾ, ಮಾಝ್ಯಾ ವಾಸರಾ" ಎಂದಳು. ನನ್ನ ಬಂಗಾರ, ನನ್ನ ಕರು. ಅಪ್ಪ ಅವಳನ್ನೇ ನೋಡುತ್ತ ನಿಂತಿದ್ದ. ಅವನನ್ನು ಹೆತ್ತವಳೇ ಅವನಿಗೆ ಆ ಮಾತಿನಲ್ಲಿ ಮುದ್ದು ಮಾಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅದಾದ ಮೂರನೆಯ ದಿನ ಮಿರಗದ ಮಳೆ ಬಿತ್ತು. ಮೋತ್ಯಾ ನಮ್ಮಲ್ಲೇ ಉಳಿದ. ಮುಂದೆ ಬುತ್ತಿ ಒಯ್ದ, ಹೊಳೆಯಿಂದ ಎಮ್ಮೆ ಹೊಡೆದುಕೊಂಡು ಬಂದ, ದುಂಡವ್ವನ ಕೋಳಿಮರಿಗಳನ್ನು ಹದ್ದಿನಿಂದ ಕಾದ. ದುಂಡವ್ವ ಅವನಿಗಾಗಿ ತನ್ನ ಮರಾಠಿಯನ್ನು ಸುಧಾರಿಸಿಕೊಂಡಳು. ಕಾಕಾ ಮಾತ್ರ ಹೊರಗಿನವರಿಗೆ, "ಈ ನಾಯಿ ನಾನ ತಯಾರ ಮಾಡೇನಿ" ಎಂದು ಹೇಳುವುದನ್ನು ಬಿಡಲಿಲ್ಲ. ನಾವೂ ಅಲ್ಲಗಳೆಯಲಿಲ್ಲ.

ಈಗ ನಾನು ಚಿಕ್ಕೋಡಿಯಲ್ಲಿರುತ್ತೇನೆ. ನನ್ನ ಮಗ ಫೋನಿನಲ್ಲಿ ವಿಡಿಯೊ ನೋಡಿ, ಬಾಗಿಲು ಹಾಕಿಕೊಂಡು, ತನ್ನ ನಾಯಿಮರಿಗೆ ಮೂರೇ ದಿನದಲ್ಲಿ ಕೂಡುವುದು, ಏಳುವುದು, ಕೈ ಕೊಡುವುದು ಎಲ್ಲ ಕಲಿಸಿದ. ಜಾಣ ಮರಿ. ನೋಡಲು ಯಾರೂ ಬರಲಿಲ್ಲ, ಯಾರ ಮೆಣಸಿನಕಾಯಿಯೂ ಹಾರಲಿಲ್ಲ, ಪಕ್ಕದ ಮನೆಯವರಿಗೆ ನಾಯಿ ಇರುವುದೇ ಗೊತ್ತಿಲ್ಲ.

ಆಯಿ ಮೊದಲು ಹೋದಳು, ಎರಡು ವರ್ಷದ ಮೇಲೆ ಮೋತ್ಯಾ. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಕೊಲ್ಲಾಪುರದ ಅಂಗಡಿಗಳಲ್ಲಿ ಚೌಕಾಸಿ ಮಾಡುತ್ತೇನೆ, ಫೋನಿನಲ್ಲಿ ಬೀಗರೊಂದಿಗೆ ತಾಸುಗಟ್ಟಲೆ ಮಾತಾಡುತ್ತೇನೆ. ಆದರೆ ಬಾಗಿಲ ಹಿಂದೆ ನಿಂತು ಕೇಳಿದ ಆ ಮಾತುಗಳು, ಹೊಳೆದಂಡೆಯ ಆ ಸಣ್ಣ ಊರಿನ ಮುದ್ದಿನ ಮಾತುಗಳು, ಅರ್ಧಕ್ಕರ್ಧ ಮರೆತುಹೋಗಿವೆ. ಒಮ್ಮೊಮ್ಮೆ ಒಂದು ಶಬ್ದ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಇದರ ಅರ್ಥವೇನಿತ್ತು ಎಂದು ಕೇಳೋಣವೆಂದರೆ, ಅದನ್ನು ಬಲ್ಲವರು ನಮ್ಮ ಮನೆಯಲ್ಲಿ ಇದ್ದದ್ದೇ ಇಬ್ಬರು.